ಬೀಗರಿದ್ದ ದಾರಿಗಷ್ಟೇ ಬಸ್ಸು

ಡ್ರೈವರ್ ಫಕ್ಕೀರಪ್ಪ ಬಸ್ಸು ಬಿಡುವ ಮುನ್ನ ಅದರ ಬೆನ್ನಿಗೆ ಕಟ್ಟಿದ್ದ ಇದ್ದಿಲಿನ ಒಲೆಗೆ ಊದಿನಕಡ್ಡಿ ಬೆಳಗುತ್ತಿದ್ದ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಇದ್ದಿಲಿನ ಗ್ಯಾಸಿನಿಂದಲೇ ಬಸ್ಸು ಓಡಬೇಕು. ಶಾಲಾ ಮಾಸ್ತರನಾಗಿದ್ದ ನಾನು ಪ್ರತಿ ಶನಿವಾರ ಅದರಲ್ಲಿ ಹೋಗುತ್ತಿದ್ದೆ. ಹೋಗುತ್ತಿದ್ದೆ ಎನ್ನುವುದಕ್ಕಿಂತ ತಳ್ಳುತ್ತಿದ್ದೆ ಎನ್ನುವುದೇ ಸರಿ. ಬಿಳಿ ಧೋತರದಲ್ಲಿ ಹತ್ತಿದವರು ಕಮ್ಮಾರರಾಗಿ ಇಳಿಯುತ್ತಿದ್ದರು.

ನಡುದಾರಿಯಲ್ಲಿ ಒಲೆ ಆರಿದರೆ ಗತಿಯೇನು ಎಂಬುದೊಂದೇ ಫಕ್ಕೀರಪ್ಪನ ಚಿಂತೆ. ಹಾಗಾಗಿ ನೆಂಟರಿರುವ ದಾರಿಯಲ್ಲಿ ಮಾತ್ರ ಬಸ್ಸು ಓಡಿಸುತ್ತಿದ್ದ. ಹುಲಗೂರಿನಲ್ಲಿ ಚಿಗವ್ವ, ಹತ್ತಿಮತ್ತೂರಿನಲ್ಲಿ ಅಕ್ಕ. ಒಲೆ ಆರಿದ ದಿನ ಪ್ರಯಾಣಿಕರೆಲ್ಲ ಅವನ ಅಕ್ಕನ ಅಂಗಳದಲ್ಲಿ ಕುಳಿತು ರೊಟ್ಟಿ ತಿಂದದ್ದುಂಟು. ಟಿಕೇಟಿನಲ್ಲಿ ಊಟವೂ ಸೇರಿದ ಬಸ್ಸು ಇಡೀ ಮುಂಬಯಿ ಪ್ರಾಂತದಲ್ಲಿ ಅದೊಂದೇ ಇದ್ದಿರಬೇಕು.

ಒಂದು ದಿನ ಮಾಲೀಕರು, ಹಾನಗಲ್ಲಿನಿಂದ ಹಿರೇಕೆರೂರಿಗೆ ಬಸ್ಸು ಬಿಡು, ಇಲ್ಲವೇ ಕೆಲಸ ಬಿಡು ಎಂದರು.

"ಆ ದಾರ್ಯಾಗ ನಮ್ಮವರು ಒಬ್ರೂ ಇಲ್ರಿ ಸಾವಕಾರ್ರ. ಒಲಿ ಆರಿದ್ರ ಯಾರ ಬಾಗಲಾ ಬಡೀಲಿ?"

ಅವರು ಜಗ್ಗಲಿಲ್ಲ. ಫಕ್ಕೀರಪ್ಪ ಸ್ವಲ್ಪ ದಿನ ಪುರಸೊತ್ತು ಕೇಳಿದ. ಒಲೆ ರಿಪೇರಿ ಮಾಡಿಸುತ್ತಾನೆಂದು ನಾವು ತಿಳಿದರೆ, ಈ ಮಹಾನುಭಾವ ತನ್ನ ಒಬ್ಬಳೇ ಮಗಳು ಗಂಗವ್ವನಿಗೆ ಗಂಡು ಹುಡುಕಿಕೊಂಡು ಬಂದ. ಆ ದಾರಿಯ ನಟ್ಟನಡುವಿನ ಸಣ್ಣ ಹಳ್ಳಿ, ರಸ್ತೆಗೆ ಹತ್ತಿದ ಮನೆ, ಹಿತ್ತಲಲ್ಲಿ ಬಾವಿ. ಇಷ್ಟು ನೋಡಿಯಾದ ಮೇಲೆ ವರನ ಮುಖವನ್ನೂ ನೋಡಿದನಂತೆ. ತಾಯಿಯಿಲ್ಲದ ಹುಡುಗಿ, ನಮ್ಮೂರು ಶಿಗ್ಗಾಂವಿಯಲ್ಲೇ ಕೊಡು, ನಿನ್ನನ್ನು ಬಿಟ್ಟು ಅಷ್ಟು ದೂರ ಹೋಗಲಾರೆ ಎಂದು ಅತ್ತಳು.

"ವಾರಕ್ಕೊಮ್ಮೆರ ಒಲಿ ಆರೇ ಆರ್ತೈತಿ ಅವ್ವಾ. ಬಂದು ನಿನ್ನ ಕೈಲೆ ರೊಟ್ಟಿ ತಿಂತೇನಿ," ಎಂದು ಸಮಾಧಾನ ಮಾಡಿ ಮದುವೆಯ ಅಕ್ಕಿಕಾಳು ಹಾಕಿಸಿಯೇ ಬಿಟ್ಟ.

ಹಟಮಾರಿ ಒಲೆ ಆ ದಾರಿಯಲ್ಲಿ ಮಾತ್ರ ಒಮ್ಮೆಯೂ ಆರಲಿಲ್ಲ. ಹಿರೇಕೆರೂರಿಗೆ ವರ್ಗವಾಗಿದ್ದ ನಾನು ಕಣ್ಣಾರೆ ನೋಡಿದ್ದೇನೆ. ಗಂಗವ್ವ ತಂಬಿಗೆ ಹಿಡಿದು ರಸ್ತೆಗೆ ಬಂದು ನಿಂತಿರುತ್ತಿದ್ದಳು. ಇವನು ಪೋಂ ಪೋಂ ಎನ್ನಿಸಿ ಕೈಯೆತ್ತಿ ಮುಂದೆ ಹೋಗುತ್ತಿದ್ದ. ಒಂದು ನಿಮಿಷ ನಿಲ್ಲಿಸಯ್ಯ ಎಂದು ನಾನೇ ರೇಗಿದ್ದೆ.

"ಉರಿ ಚಲೋ ಹತ್ತೇತ್ರಿ ಮಾಸ್ತರ. ನಿಂದ್ರಿಸಿದ್ರ ಸತ್ತು ಹೋಗ್ತೈತಿ," ಎಂದು ಕಣ್ಣೊರೆಸಿಕೊಂಡ. ಹೊಗೆ ಎಂದ. ಹೊಗೆ ಹಿಂದಕ್ಕೆ ಹೋಗುತ್ತಿತ್ತು.

ಯುದ್ಧ ಮುಗಿಯುವ ಮೊದಲೇ ಫಕ್ಕೀರಪ್ಪ ಜ್ವರದಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದ ಡ್ರೈವರನಿಗೆ ಆ ದಾರಿಯಲ್ಲಿ ಯಾವ ನೆಂಟರೂ ಇರಲಿಲ್ಲ. ಮಳೆಗಾಲದ ಒಂದು ಶನಿವಾರ ಬಸ್ಸು ಕೆಮ್ಮಿ ಕೆಮ್ಮಿ ಗಂಗವ್ವನ ಮನೆಯ ಮುಂದೆಯೇ ನಿಂತಿತು. ಅವಳು ಎಲ್ಲರನ್ನೂ ಒಳಗೆ ಕರೆದು ರೊಟ್ಟಿ ಬಡಿದು ಬಡಿಸಿದಳು. ನನ್ನ ಮುಂದೆ ತಾಟು ಇಡುತ್ತ ಹೇಳಿದಳು:

"ಒಲಿ ಒಮ್ಮೆರ ಆರ್ಲಿ ಅಂತ ದಿನಾ ಬೇಡ್ಕೊಂತಿದ್ದೆನ್ರಿ ಮಾಸ್ತರ. ಇವತ್ತು ಆರೈತಿ ನೋಡ್ರಿ."