ಮಂಡಿ ಮಲಗಿದ್ದು

ಆಟಿಸಂ ಇರುವ ನನ್ನ ಮಗಳಿಗೆ ಮಲಗುವ ಹೊತ್ತಾದರೆ ಭಯ. ಹೆತ್ತ ನಾನು ತಟ್ಟಿದರೆ ಕೈ ತಳ್ಳುತ್ತಿದ್ದಳು. ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲದ ನಮ್ಮ ಮನೆಗೆ ಬಂದ ಅತ್ತೆ, ಕಂಬಳಿ ಮಡಿಚಿ ಪಾದದಿಂದ ಮೇಲಕ್ಕೆ ಒತ್ತುತ್ತಾ ಹೊದಿಸುತ್ತಿದ್ದರು: "ಪಾದ ಮಲಗ್ತು, ಮಂಡಿ ಮಲಗ್ತು, ಒಟ್ಟೆ ಮಲಗ್ತು." ಅಷ್ಟರಲ್ಲಿ ಅವಳಿಗೆ ನಿದ್ದೆ.

"ಇಷ್ಟೇಯ ಕಣವ್ವ," ಎನ್ನುತ್ತಿದ್ದರು. ಆ 'ಇಷ್ಟೇಯ' ಕೇಳಿದರೆ ನನಗೆ ಮೈಯೆಲ್ಲ ಉರಿ.

ಅತ್ತೆ ಊರಿಗೆ ಹೋದ ದಿನ ನಾನೇ ಹೊದಿಸಿದೆ. ಅವರ ಮಾತನ್ನೇ ಆಡಬೇಕಲ್ಲ ಎಂಬ ಸಿಟ್ಟಿನಲ್ಲಿ ಪಾದದಿಂದ ನೇರ ಹೊಟ್ಟೆಗೆ ಹೋದೆ. ಮಗಳು ನನ್ನ ಕೈ ಹಿಡಿದು ಮಂಡಿಯ ಮೇಲಿಟ್ಟಳು. ಪ್ರೀತಿಯಿಂದ ಎಂದು ಬರೆಯುವ ಆಸೆ. ಬರೀ ತಪ್ಪು ತಿದ್ದಿದ್ದಿರಬಹುದು. ತಳ್ಳಲಿಲ್ಲ, ಅದು ನಿಜ.

"ಮಲಗಿದ್ಲಾ?" ಎಂದು ಅತ್ತೆ ಫೋನಿನಲ್ಲಿ ಕೇಳಿದರು.

"ನನ್ನ ಕೈಯಲ್ಲೇ ಮಲಗಿದಳು," ಎಂದೆ. ಕಂಬಳಿಯ ಸುದ್ದಿ ಎತ್ತಲಿಲ್ಲ.