ಕಟ್ಟಕಡೆಯ ಹೊಲ

ಸಿಂಧನೂರು ಬಳಿಯ ಗೊರೇಬಾಳದ ಶಿವರಂಜನಿ ನೀರಾವರಿ ಓದಲು ನೆದರ್ಲ್ಯಾಂಡ್ಸಿಗೆ ಹೋಗಿ ಎರಡು ವರ್ಷವಾದರೂ ಅಲ್ಲಿನ ದೂರವನ್ನೆಲ್ಲ ಸಿಂಧನೂರಿನಿಂದಲೇ ಅಳೆಯುತ್ತಾಳೆ: ಕಾಲೇಜು ಮಸ್ಕಿಯಷ್ಟು ದೂರ, ಇಂಟರ್ನ್‌ಶಿಪ್ ಮಾಡುವ ಕಚೇರಿ ಲಿಂಗಸುಗೂರಿನಷ್ಟು. ಸೈಕಲ್ ತುಳಿಯುವಾಗ ಎದುರುಗಾಳಿ ಬೀಸಿದರೆ ಅದಕ್ಕೆ ಅಚ್ಚ ಊರ ಮಾತಿನಲ್ಲೇ ಬೈಗುಳ. ಮಧ್ಯಾಹ್ನ ಡಬ್ಬಿ ತೆಗೆದು ಅವಳು ಖಡಕ್ ರೊಟ್ಟಿ ಮುರಿದರೆ, ಮೂರು ಮೇಜಿನಾಚೆ ತಣ್ಣನೆ ಬ್ರೆಡ್ ತಿನ್ನುತ್ತಿದ್ದವರೂ ತಿರುಗಿ ನೋಡಬೇಕು. ಆದರೆ ಕಚೇರಿಯಲ್ಲಿ ಅವಳು ಹೆಸರಾದದ್ದು ಒಂದೇ ಪ್ರಶ್ನೆಯಿಂದ. ಯಾವ ದೇಶದ ಕಾಲುವೆಯ ನಕ್ಷೆಯೇ ಪರದೆಗೆ ಬರಲಿ, ಎಲ್ಲರೂ ಅಣೆಕಟ್ಟೆ ನೋಡುತ್ತಿದ್ದರೆ ಇವಳು ಕೈ ಎತ್ತುತ್ತಾಳೆ: "ಕಟ್ಟಕಡೆಯ ಹೊಲಕ್ಕೆ ನೀರು ಯಾವತ್ತು ಮುಟ್ಟುತ್ತದೆ?" ಮೊದಮೊದಲು ನಕ್ಕವರು ಈಗ ಉತ್ತರ ಬರೆದುಕೊಂಡೇ ಬರುತ್ತಾರೆ. ಪಾಪ, ಕಾಲುವೆಯ ತುದಿಯಲ್ಲಿ ನೀರಿಗೆ ಕಾದು ಬೆಳೆದ ಹುಡುಗಿ ಎಂದು ಅವರ ನಂಬಿಕೆ. ಅವಳು ತಿದ್ದಿಲ್ಲ. ಭಾನುವಾರ ಅಪ್ಪ ಮರಿಸ್ವಾಮಿಗೆ ಫೋನ್ ಮಾಡಿ, "ಕಾಲುವಿಗೆ ನೀರು ಬಿಟ್ಟಾರೇನಪ್ಪಾ?" ಎನ್ನುತ್ತಾಳೆ. "ನಮಗೇನ್ ಚಿಂತಿಯವ್ವಾ? ತೂಬಿನ ಬಾಯಿಗೇ ನಮ್ಮ ಹೊಲ ಐತಿ. ಅದರ ಮ್ಯಾಲ ಕಾಲುವಿಗೇ ಎರಡು ಪೈಪ್ ಇಳಿಬಿಟ್ಟೀನಿ. ಯಾರ್ ಕೇಳ್ತಾರ?" ಅದೇ ಕಾಲುವೆಯ ತುದಿಯಲ್ಲಿ ಒಣಗಿ ನಿಲ್ಲುವ ಅಂಬಪ್ಪ ಕಾಕಾನ ಗದ್ದೆ ಅವಳ ಕಣ್ಣಮುಂದೆ ಬರುತ್ತದೆ. ಕಚೇರಿಯಲ್ಲಿ ಕೇಳುವ ಅದೇ ಪ್ರಶ್ನೆ ನಾಲಿಗೆಯವರೆಗೂ ಬರುತ್ತದೆ. "ಊಟ ಆತೇನಪ್ಪಾ?" ಎಂದು ಕೇಳುತ್ತಾಳೆ.