ಓಡದ ಕಾರಿಗೆ ಎರಡು ಫಿಲ್ಟರ್

ಮಕ್ಕಳೇ, ಇವತ್ತು ಗ್ಯಾರೇಜಿನಲ್ಲಿ ಹಳೇ ಆಯಿಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ತ್ಯಾಮಗೊಂಡ್ಲಿನ ನಮ್ಮ ಮನೆಯ ಜಗಲಿ ನೆನಪಾಯಿತು.

ಯುದ್ಧದ ಕಾಲ. ಪೆಟ್ರೋಲಿಗೆ ರೇಷನ್ನು; ತಾತನ ಹಳೇ ಕಾರು ಕೊಟ್ಟಿಗೆ ಬಿಟ್ಟು ಹೊರಬರುತ್ತಿದ್ದುದೇ ಅಪರೂಪ. ಹೆರಿಗೆಗೆಂದು ತವರಿಗೆ ಬಂದಿದ್ದ ಅತ್ತೆಯನ್ನು ಅದರಲ್ಲೇ ಬೆಂಗಳೂರಿನ ಆಸ್ಪತ್ರೆಗೆ ಒಯ್ಯಬೇಕಿತ್ತು. ಮೊದಲ ಹೆರಿಗೆಯಲ್ಲಿ ಬಹಳ ನೊಂದಿದ್ದಳು. ತಾತ ಇಂಜಿನ್ ಎಣ್ಣೆ ಸೋಸುವ ಹಳೇ ಆಯಿಲ್ ಫಿಲ್ಟರ್ ಬಿಚ್ಚಿಹಾಕಿ, ಪೇಟೆಯಿಂದ ತಂದಿದ್ದ ಎರಡು ಹೊಸ ಫಿಲ್ಟರ್ ಹಿಡಿದು ಕೂತರು. ಒಂದರಲ್ಲಿ ಒತ್ತಾಗಿ ತುಂಬಿದ ಹತ್ತಿ, ಇನ್ನೊಂದರಲ್ಲಿ ತೆಳು ಬಟ್ಟೆ.

“ಓಡ್ದೇ ಇರೋ ಗಾಡೀಲಿ ಕೊಳೆ ಎಲ್ಲಿಂದ ಬರ್ತದೆ? ಬಟ್ಟೇದೇ ಸಾಕು,” ಅಂದರು ತಾತ.

“ಮುಚ್ಚಿಟ್ಟ ಹರಳೆಣ್ಣೇಲಿ ಗಸಿ ಕೂರಲ್ವಾ?” ಅಂದಳು ಅಜ್ಜಿ. “ಹತ್ತೀದೇ ಹಾಕಿ.”

“ಹತ್ತಿ ಎಣ್ಣೆಯೆಲ್ಲಾ ಕುಡಿದ್ಬಿಟ್ರೆ ಇಂಜಿನ್ನಿಗೇನು ಉಳೀತದೆ?”

“ದೀಪದ ಬತ್ತೀನೂ ಕುಡೀತದೆ. ಇನ್ನಷ್ಟು ಹುಯ್ದ್ರಾಯ್ತು.”

ತಾತ ಬಟ್ಟೆಯದನ್ನು ಕೂರಿಸಿದರು, ಮತ್ತೆ ಬಿಚ್ಚಿದರು, ಹತ್ತಿಯದನ್ನು ಮೂಸಿ ನೋಡಿದರು. ಒಳಗಿಂದ ಅತ್ತೆ, “ಅಪ್ಪಾ, ನೀವು ತೀರ್ಮಾನ ಮಾಡೋವರ್ಗೂ ಇದು ಕಾಯಲ್ಲ,” ಎಂದು ಕೂಗಿದಳು.

ಕಾಯಲಿಲ್ಲ. ಪಕ್ಕದ ಬೀದಿಯ ಸೂಲಗಿತ್ತಿ ಓಡಿಬಂದಳು. ಬಾಣಂತಿ, ಮಗು ಇಬ್ಬರೂ ಕ್ಷೇಮ ಎಂದಾಗ ತಾತನ ಎರಡೂ ಕೈಯಲ್ಲಿ ಒಂದೊಂದು ಫಿಲ್ಟರ್ ಇತ್ತು. ಕಣ್ಣೊರೆಸಿಕೊಳ್ಳಲು ಕೈಯೇ ಇರಲಿಲ್ಲ.

ಆ ಮಗುವೇ ನಿಮ್ಮ ನಂಜಪ್ಪ ಮಾವ. ಯಾವ ಫಿಲ್ಟರ್ ಸರಿಯಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.